ಸ್ವರ ಹೋಗಿ ಸರ ಆಯಿತು: ಸಂಗೀತ ಪತ್ರಿಕೆಯ ಮುಖಪುಟಕ್ಕೆ ಫೋಟೋ ತೆಗೆಯುವ ಮೊದಲು

(ಧಾರವಾಡದ ಕಾಲೇಜೊಂದರ ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಬಾಯಿಮಾತಿನ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಮುಖ್ಯವಾದಷ್ಟನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತಿಗೆ ಕರೆದಿದ್ದೀರಿ. ಹಿಂದಿನ ಬೆಂಚಿನವರು ನಿದ್ದೆ ಮಾಡಿದರೆ ನನ್ನ ತಕರಾರಿಲ್ಲ. ಸಂಗೀತ ಪತ್ರಿಕೆಯ ವಿಷಯ ನೋಡಿ, ಗೊರಕೆ ಮಾತ್ರ ಶ್ರುತಿಯಲ್ಲಿರಲಿ.

ನೀವೆಲ್ಲ ಈ ಸೆಮಿಸ್ಟರಿನಲ್ಲಿ ಒಂದೊಂದು ಮಾದರಿ ಸಂಗೀತ ಪತ್ರಿಕೆ ಮಾಡಬೇಕಂತೆ. ಮುಖಪುಟದ ಫೋಟೋ ನಿಮ್ಮದೇ ಆಗಿರಬೇಕು, ಅಂತರ್ಜಾಲದಿಂದ ಎತ್ತುವಂತಿಲ್ಲ. ಇಂಥದ್ದೇ ಕೆಲಸ ಹಿಂದೊಮ್ಮೆ ಬೇರೆ ಊರಿನ ವಿದ್ಯಾರ್ಥಿಗಳಿಂದ ನಾನೂ ಮಾಡಿಸಿದ್ದೆ. ಆಗ ಆದ ಒಂದು ಎಡವಟ್ಟಿನಿಂದಲೇ ಶುರು ಮಾಡುತ್ತೇನೆ.

ಆ ತಂಡ ಪತ್ರಿಕೆಗೆ ಇಟ್ಟ ಹೆಸರು 'ಸ್ವರ'. ಗಾಯನ ಕಲಿಯುತ್ತಿದ್ದ ಸಹಪಾಠಿಯೊಬ್ಬಳನ್ನು ತಂಬೂರಿ ಹಿಡಿದು ಕೂರಿಸಿದರು. ಕಿಟಕಿಯ ಬೆಳಕು, ಇಳಕಲ್ ಸೀರೆ, ಅರೆಮುಚ್ಚಿದ ಕಣ್ಣು. ಫೋಟೋ ನಿಜಕ್ಕೂ ಚೆನ್ನಾಗಿತ್ತು. ನಾನೂ ಬೆನ್ನು ತಟ್ಟಿದೆ. ಸಲ್ಲಿಸುವ ಹಿಂದಿನ ಸಂಜೆ ಓಡೋಡಿ ಪುಟ ಜೋಡಿಸಿ, ಕಲರ್ ಪ್ರಿಂಟ್ ಅಂಗಡಿಯಲ್ಲಿ ಗ್ಲಾಸಿ ಕಾಗದದ ಮೇಲೆ ಮುದ್ರಿಸಿ ತಂದರು. ಮರುದಿನ ಬೋರ್ಡಿಗೆ ಅಂಟಿಸಿ ನೋಡಿದರೆ, ತಂಬೂರಿಯ ಬಿರಡೆಗಳಿರುವ ತುದಿ ಹೆಸರಿನೊಳಕ್ಕೇ ನುಗ್ಗಿ, ಸರಿಯಾಗಿ ವ ಒತ್ತಿನ ಮೇಲೆ ಕೂತಿತ್ತು. ದೂರದಿಂದ ಕಾಣುತ್ತಿದ್ದದ್ದು 'ಸರ'. ಹಿಂದಿನಿಂದ ಒಬ್ಬ ಕೂಗಿದ, "ಸರ, ನಿಮ್ಮ ಹೆಸರಿಲೇ ಪತ್ರಿಕಾ ಮಾಡ್ಯಾರ್ರೀ!" ಅವತ್ತು ಇಡೀ ತರಗತಿ ನಕ್ಕಷ್ಟು ನನ್ನ ಯಾವ ಜೋಕಿಗೂ ನಕ್ಕಿಲ್ಲ.

ತಪ್ಪು ಹುಡುಗರದಲ್ಲ. ಫೋಟೋ ನೋಡಿ ಶಹಭಾಸ್ ಅಂದವನು ನಾನು, ಪುಟ ಎಲ್ಲಿ ಅಂತ ಕೇಳಿರಲಿಲ್ಲ.

ಇಂಗ್ಲಿಷ್ ಪತ್ರಿಕೆಗಳಲ್ಲಿ ಕಲಾವಿದರ ತಲೆ ಹೆಸರಿನ ಒಂದೆರಡು ಅಕ್ಷರಗಳನ್ನು ಮುಚ್ಚುವುದನ್ನು ನೀವು ನೋಡಿದ್ದೀರಿ. ರೋಲಿಂಗ್ ಸ್ಟೋನ್‌ನಂಥ ಪತ್ರಿಕೆಗೆ ಅದು ನಡೆಯುತ್ತದೆ. 1967ರ ನವೆಂಬರಿನಿಂದ ಬರುತ್ತಿರುವ ಹೆಸರು, ಅರ್ಧ ಕಂಡರೂ ಓದುಗ ಗುರುತಿಸುತ್ತಾನೆ. ಅಲ್ಲದೆ ಅವರ ಅಕ್ಷರಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ, ಅರ್ಧ ಮುಚ್ಚಿದರೂ ಅಕ್ಷರ ಬೇರೆಯಾಗುವುದು ಕಡಿಮೆ. ನಮ್ಮದು ಹಾಗಲ್ಲ. ನಮ್ಮ ಅಕ್ಷರದ ಜೀವ ಒತ್ತಿನಲ್ಲಿ, ಕೊಂಬಿನಲ್ಲಿ, ಗುಡಿಸಿನಲ್ಲಿ, ದೀರ್ಘದಲ್ಲಿ ಇರುತ್ತದೆ. 'ತಾಳ' ಅಂತ ಹೆಸರಿಟ್ಟು ದೀರ್ಘದ ಮೇಲೆ ಕಲಾವಿದನ ಕೂದಲು ಬಂದರೆ 'ತಳ' ಆಗುತ್ತದೆ. ನಾಲ್ಕೇ ಪ್ರತಿಯ ಹೊಸ ಪತ್ರಿಕೆಯ ಹೆಸರನ್ನು ಊಹಿಸಿ ಓದುವ ಉಪಕಾರ ಯಾರೂ ಮಾಡುವುದಿಲ್ಲ. ಇನ್ನೊಂದು ಸಂಗತಿ. ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಕನ್ನಡ ಹೆಸರಿಗೆ ಇಂಗ್ಲಿಷಿಗಿಂತ ಹೆಚ್ಚು ಎತ್ತರ ಬೇಕು. ಅವರ ಮಾದರಿ ಪುಟಗಳನ್ನು ನೋಡಿ ಅಷ್ಟೇ ಜಾಗ ಬಿಟ್ಟರೆ ಸಾಲದು. ಪುಟದ ಮೇಲಿನ ಕಾಲುಭಾಗ ಹೆಸರಿನದು ಅಂತ ಮೊದಲೇ ಬರೆದುಕೊಟ್ಟುಬಿಡಿ.

ಆದ್ದರಿಂದ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಒಂದು ಎ4 ಹಾಳೆ, ಒಂದು ಪೆನ್ಸಿಲ್ ತೆಗೆಯಿರಿ. ಮೇಲೆ ಹೆಸರು ಬರೆಯಿರಿ, ನೀವು ಬಳಸಲಿರುವ ಗಾತ್ರದಲ್ಲೇ. ಕೆಳಗೆ ಒಂದು ಮೂಲೆಯಲ್ಲಿ ಬಾರ್‌ಕೋಡಿಗೆ ಚೌಕ ಹಾಕಿ. ಎಡಕ್ಕೋ ಬಲಕ್ಕೋ ನಾಲ್ಕೈದು ಶೀರ್ಷಿಕೆಗಳಿಗೆ ಪಟ್ಟಿ ಬಿಡಿ. ಇಷ್ಟೆಲ್ಲ ಆದ ಮೇಲೆ ಉಳಿದ ಜಾಗ ನೋಡಿ. ನಿಮ್ಮ ಕಲಾವಿದ ಕೂರಬೇಕಾದದ್ದು ಅಲ್ಲಿ. ಬಸ್ಸಿನಲ್ಲಿ ಕರವಸ್ತ್ರ ಹಾಕಿ ಸೀಟು ಹಿಡಿಯುವುದಿಲ್ಲವೇ, ಹಾಗೆ ಅಕ್ಷರಗಳಿಗೆ ಮೊದಲು ಸೀಟು ಹಿಡಿಯಬೇಕು.

ಒಂದು ಸಣ್ಣ ಉಪಾಯ ಹೇಳಿಕೊಡುತ್ತೇನೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಕ್ಯಾಮೆರಾದ ಹಿಂದಿನ ಪರದೆಯ ಅಳತೆಗೆ ಕತ್ತರಿಸಿ, ಮಾರ್ಕರ್ ಪೆನ್ನಿನಲ್ಲಿ ಹೆಸರು, ಬಾರ್‌ಕೋಡು, ಶೀರ್ಷಿಕೆಯ ಪಟ್ಟಿ ಬರೆದು ಪರದೆಗೆ ಅಂಟಿಸಿ. ಫೋಟೋ ತೆಗೆಯುವಾಗಲೇ ಮುಖಪುಟ ಕಾಣುತ್ತದೆ. ತಂಬೂರಿ ಒತ್ತಿನ ಮೇಲೆ ಬಂದರೆ ಅಲ್ಲೇ ಗೊತ್ತಾಗುತ್ತದೆ.

ಈಗ ಒಂದಿಷ್ಟು ಲೆಕ್ಕ. ಪತ್ರಿಕೋದ್ಯಮಕ್ಕೆ ಬಂದದ್ದೇ ಲೆಕ್ಕ ತಪ್ಪಿಸಿಕೊಳ್ಳಲು ಅನ್ನುವವರು ಎರಡು ನಿಮಿಷ ಸಹಿಸಿಕೊಳ್ಳಿ. ಎ4 ಅಂದರೆ 210 ಮಿಲಿಮೀಟರ್ ಅಗಲ, 297 ಎತ್ತರ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಬೇಕು. ಅಂದರೆ ಸುಮಾರು 2480 ಪಿಕ್ಸೆಲ್ ಅಗಲ, 3508 ಎತ್ತರ. ಅಂಚು ಕತ್ತರಿಸುವಾಗ ಬಿಳಿ ಗೆರೆ ಉಳಿಯದಿರಲಿ ಅಂತ ಸುತ್ತ 3 ಮಿಲಿಮೀಟರ್ ಹೆಚ್ಚುವರಿ ಬಿಡುತ್ತಾರೆ, ಪ್ರೆಸ್ಸಿನವರು ಅದನ್ನು ಬ್ಲೀಡ್ ಅನ್ನುತ್ತಾರೆ. ನಿಮ್ಮ ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರ 4000ಕ್ಕೆ 3000. ಫೋನನ್ನು ನಿಲ್ಲಿಸಿ ಹಿಡಿದು ತೆಗೆದರೆ ಎ4 ಆಕಾರಕ್ಕೆ ಕತ್ತರಿಸಿದ ಮೇಲೂ 4000 ಎತ್ತರ ಉಳಿಯುತ್ತದೆ, ಧಾರಾಳವಾಯಿತು. ಅದೇ ಫೋನನ್ನು ಅಡ್ಡ ಹಿಡಿದು ತೆಗೆದು ಆಮೇಲೆ ನಿಲುವಾಗಿ ಕತ್ತರಿಸಿದರೆ ಸಿಗುವುದು 2121ಕ್ಕೆ 3000 ಮಾತ್ರ. ಸಾಲದು. ರೀಲ್ಸ್ ನೋಡುವಾಗ ಫೋನ್ ನಿಲ್ಲಿಸಿಯೇ ಹಿಡಿಯುತ್ತೀರಿ, ಮುಖಪುಟಕ್ಕೆ ಯಾಕೆ ಅಡ್ಡ ಹಿಡಿಯುತ್ತೀರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ತೆಗೆದ ಚಿತ್ರವನ್ನು ಪುಟ ಜೋಡಿಸುವ ಗೆಳೆಯನಿಗೆ ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಅದು ಚಿತ್ರವನ್ನು ಹಿಂಡಿ ಹಿಪ್ಪೆ ಮಾಡಿ ಕೊಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ಈ ಅಭ್ಯಾಸ ನಿಮ್ಮ ಮೇಷ್ಟ್ರು ಹೊಸದಾಗಿ ಕಂಡುಹಿಡಿದ ಶಿಕ್ಷೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಓಸಿಆರ್ ಎಂಬ ಪರೀಕ್ಷಾ ಮಂಡಳಿ ಎಎಸ್ ಮಟ್ಟದ ಮೀಡಿಯಾ ಸ್ಟಡೀಸ್ ವಿದ್ಯಾರ್ಥಿಗಳಿಗೆ, ಅಂದರೆ ನಮ್ಮ ಪಿಯುಸಿ ವಯಸ್ಸಿನವರಿಗೆ, ವರ್ಷಗಟ್ಟಲೆ ಇದನ್ನೇ ಕೊಡುತ್ತಿತ್ತು. ಹೊಸ ಸಂಗೀತ ಪತ್ರಿಕೆಯೊಂದರ ಮುಖಪುಟ, ಪರಿವಿಡಿಯ ಪುಟ, ಎದುರುಬದುರು ಎರಡು ಪುಟಗಳ ಲೇಖನ. ಕನಿಷ್ಠ ನಾಲ್ಕು ಸ್ವಂತ ಚಿತ್ರಗಳು. ಅದಕ್ಕೂ ಮೊದಲು ಕೈ ಪಳಗಲಿ ಅಂತ ಶಾಲಾ ಪತ್ರಿಕೆಯ ಒಂದು ಮುಖಪುಟ. ನನಗೆ ಹಿಡಿಸಿದ್ದು ಅವರ ಅಂಕದ ಹಂಚಿಕೆ. 100ರಲ್ಲಿ 20 ಅಂಕ ಬರೀ ಹುಡುಕಾಟಕ್ಕೆ ಮತ್ತು ತಯಾರಿಗೆ. ಪುಟ ಹೇಗೇ ಬಂದಿರಲಿ, ಪೆನ್ಸಿಲ್ ಗೀಚಿದ ಹಾಳೆಗೂ ಬೆಲೆ ಇತ್ತು.

ಪೆನ್ಸಿಲ್ ಗೀಚುವುದು ವಿದ್ಯಾರ್ಥಿಗಳ ಕೆಲಸ, ದೊಡ್ಡವರು ಹಾಗೇ ಹೋಗಿ ಕ್ಲಿಕ್ಕಿಸುತ್ತಾರೆ ಅಂತ ನಿಮಗನಿಸಬಹುದು. ಬೀಟಲ್ಸ್ ಸಂಗೀತ ತಂಡದ ನಾಲ್ವರು ಲಂಡನ್ನಿನ ರಸ್ತೆ ದಾಟುತ್ತಿರುವ ಚಿತ್ರ ಗೊತ್ತಲ್ಲ, ಟೀ ಶರ್ಟುಗಳ ಮೇಲೆಲ್ಲ ಇರುತ್ತದೆ. ಆಬಿ ರೋಡ್ ಆಲ್ಬಮ್ಮಿನ ಹೊದಿಕೆ. ಅದಕ್ಕೆ ಮೊದಲು ತಂಡದ ಪಾಲ್ ಮೆಕಾರ್ಟ್ನಿ ಕಾಗದದ ಮೇಲೆ ರೇಖಾಚಿತ್ರ ಬರೆದುಕೊಟ್ಟಿದ್ದ. 1969ರ ಆಗಸ್ಟ್ 8ರಂದು ಇಯಾನ್ ಮ್ಯಾಕ್‌ಮಿಲನ್ ಎಂಬ ಛಾಯಾಗ್ರಾಹಕ ರಸ್ತೆಯ ಮಧ್ಯೆ ಏಣಿ ಹಾಕಿ ಹತ್ತಿ ನಿಂತ, ಪೊಲೀಸರೊಬ್ಬರು ವಾಹನಗಳನ್ನು ತಡೆದರು. ಹತ್ತು ನಿಮಿಷದ ಕೆಲಸ, ತೆಗೆದದ್ದು ಆರೇ ಚಿತ್ರ, ಆಯ್ಕೆಯಾದದ್ದು ಐದನೆಯದು. ಏನು ಬೇಕು ಅಂತ ಮೊದಲೇ ಕಾಗದದ ಮೇಲೆ ಇದ್ದುದರಿಂದ ಆರು ಸಾಕಾಯಿತು. ನಮ್ಮ ಹುಡುಗರು ಆರು ನೂರು ತೆಗೆದು, ರಾತ್ರಿಯಿಡೀ ಕೂತು, ಕೊನೆಗೆ "ಸರ, ಯಾವುದೂ ಸರಿ ಬಂದಿಲ್ರೀ" ಅನ್ನುತ್ತಾರೆ.

ಹಾಗಂತ ಕಾಗದದಲ್ಲಿದ್ದದ್ದಕ್ಕೇ ಜೋತುಬೀಳಬೇಕೆಂದಿಲ್ಲ. 1980ರ ಡಿಸೆಂಬರ್ 8ರಂದು ಛಾಯಾಗ್ರಾಹಕಿ ಆನಿ ಲೀಬೊವಿಟ್ಜ್ ರೋಲಿಂಗ್ ಸ್ಟೋನಿಗಾಗಿ ಅದೇ ಬೀಟಲ್ಸ್‌ನಲ್ಲಿದ್ದ ಜಾನ್ ಲೆನನ್ ಚಿತ್ರ ತೆಗೆಯಲು ನ್ಯೂಯಾರ್ಕಿನ ಅವನ ಮನೆಗೆ ಹೋದಳು. ಪತ್ರಿಕೆಗೆ ಬೇಕಿದ್ದದ್ದು ಲೆನನ್ ಒಬ್ಬನೇ. ಅವನು ಹೆಂಡತಿ ಯೋಕೊ ಓನೊ ಕೂಡ ಇರಬೇಕೆಂದು ಪಟ್ಟು ಹಿಡಿದ. ಸರಿ, ಇಬ್ಬರೂ ಬಟ್ಟೆಯಿಲ್ಲದೆ ತಬ್ಬಿಕೊಂಡಿರಲಿ ಎಂಬುದು ಆನಿಯ ಮನಸ್ಸಿನಲ್ಲಿದ್ದ ಚಿತ್ರ. ಯೋಕೊ ಅದಕ್ಕೆ ಪೂರ್ತಿ ಒಪ್ಪಲಿಲ್ಲ. ಹಾಗಾದರೆ ನೀವು ಪೂರ್ತಿ ಬಟ್ಟೆಯಲ್ಲೇ ಇರಿ ಅಂತ ಯೋಕೊಗೆ ಅಂದಳು ಆನಿ. ಕಪ್ಪು ಬಟ್ಟೆಯ ಯೋಕೊಗೆ ಮಗುವಿನಂತೆ ಮುದುಡಿಕೊಂಡು ಅಂಟಿದ ಬೆತ್ತಲೆ ಲೆನನ್. ಯೋಜನೆ ಮುರಿದ ಕಡೆ ಆ ಚಿತ್ರ ಹುಟ್ಟಿತು. ಅದೇ ರಾತ್ರಿ ಆ ಮನೆಯ ಬಾಗಿಲಲ್ಲಿ ಅವನ ಕೊಲೆಯಾಯಿತು. 1981ರ ಜನವರಿ 22ರ ಸಂಚಿಕೆಯಲ್ಲಿ ಚಿತ್ರವನ್ನು ಮುಖಪುಟಕ್ಕೆ ಹಾಕಿದಾಗ ಪತ್ರಿಕೆಯ ಹೆಸರು ಬಿಟ್ಟು ಒಂದು ಶೀರ್ಷಿಕೆಯನ್ನೂ ಮುದ್ರಿಸಲಿಲ್ಲ. ಏನು ಬರೆಯಲಿಕ್ಕಿತ್ತು ಹೇಳಿ. 2005ರಲ್ಲಿ ಅಮೆರಿಕದ ಪತ್ರಿಕಾ ಸಂಪಾದಕರ ಸಂಘ ಅದನ್ನು ಹಿಂದಿನ 40 ವರ್ಷಗಳ ಅತ್ಯುತ್ತಮ ಮುಖಪುಟವೆಂದು ಆರಿಸಿತು.

ಇನ್ನು ನಮ್ಮ ಊರಿಗೆ ಬರೋಣ. ಧಾರವಾಡದಲ್ಲಿ ಕೂತು ಸಂಗೀತ ಪತ್ರಿಕೆಗೆ ಯಾರ ಫೋಟೋ ತೆಗೆಯಲಿ ಅಂತ ತಲೆ ಕೆರೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಲ್ಲಿಕಾರ್ಜುನ ಮನಸೂರರ ಮನೆ 'ಮೃತ್ಯುಂಜಯ' ಸ್ಮಾರಕವಾಗಿ ಇಲ್ಲೇ ಇದೆ. ಗಂಗೂಬಾಯಿ ಹಾನಗಲ್ಲರು ಪಕ್ಕದ ಹುಬ್ಬಳ್ಳಿಯವರು. ಓಣಿಗೊಬ್ಬರು ತಬಲಾ ಕಲಿಯುವವರು ಸಿಗುತ್ತಾರೆ. ಮೊದಲ ಸಲಕ್ಕೆ ದೊಡ್ಡ ಪಂಡಿತರ ಮನೆ ಬಾಗಿಲು ತಟ್ಟಬೇಡಿ, ನಿಮ್ಮ ಕೈ ನಡುಗುತ್ತದೆ. ನಿಮ್ಮದೇ ತರಗತಿಯಲ್ಲಿ, ಪಕ್ಕದ ಸಂಗೀತ ವಿಭಾಗದಲ್ಲಿ ಹುಡುಕಿ. ಆಮೇಲೆ ಶೂಟಿಗೆ ಎರಡು ದಿನ ಮೊದಲು ಕ್ಯಾಮೆರಾ ಇಲ್ಲದೆ ಹೋಗಿ ಅವರ ರಿಯಾಜ್, ಅಂದರೆ ಅಭ್ಯಾಸ, ಕೇಳಿ. ಇದನ್ನು ಯಾರೂ ಮಾಡುವುದಿಲ್ಲ. ನಾನು ಇವತ್ತು ಹೇಳಬೇಕೆಂದು ಬಂದದ್ದರಲ್ಲಿ ಹೆಚ್ಚಿನದು ಇದೇ.

ಯಾಕೆ ಕೇಳಬೇಕು? ಹಾಡುವವರ ಮುಖ ಯಾವಾಗ ಹೇಗಾಗುತ್ತದೆ ಅಂತ ಗೊತ್ತಾಗಲು. 'ಆ' ಅಂತ ಬಾಯಿ ತೆರೆದು ತಾನ್, ಅಂದರೆ ವೇಗದ ಸ್ವರಗಳ ಓಟ, ತೆಗೆಯುವಾಗ ಕ್ಲಿಕ್ಕಿಸಿದರೆ ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ ಬರುತ್ತದೆ. ಭೀಮಸೇನ ಜೋಶಿಯವರ ಮೈಯೆಲ್ಲ ಹಾಡುತ್ತಿತ್ತು, ಅವರ ಯಾವ ಕ್ಷಣ ಹಿಡಿದರೂ ಚಿತ್ರವಾಗುತ್ತಿತ್ತು ಅನ್ನಿ. ನಮ್ಮ ಸಹಪಾಠಿಗಳು ಹಾಗಲ್ಲ. ಅವರಲ್ಲಿ ಕಾಯಬೇಕಾದ ಜಾಗ ಒಂದಿದೆ, ಸಮ್. ತೀನ್‌ತಾಲ್ ಆದರೆ ಒಂದು ಸುತ್ತಿಗೆ 16 ಮಾತ್ರೆ, ಅಂದರೆ 16 ಎಣಿಕೆ, ಏಕ್‌ತಾಲ್ ಆದರೆ 12. ಸುತ್ತು ಮುಗಿದು ಮತ್ತೆ ಮೊದಲ ಮಾತ್ರೆಗೆ ಗಾಯಕಿಯೂ ತಬಲಾದವನೂ ಒಟ್ಟಿಗೆ ಬಂದು ಸೇರುತ್ತಾರಲ್ಲ, ಸೇರಿದ ಮರುಕ್ಷಣ ಮುಖದ ಬಿಗಿ ಸಡಿಲುತ್ತದೆ, ಕೈ ಬಿಚ್ಚಿಕೊಳ್ಳುತ್ತದೆ, ಒಮ್ಮೊಮ್ಮೆ ಇಬ್ಬರೂ ಪರಸ್ಪರ ನೋಡಿ ಸಣ್ಣಗೆ ನಗುತ್ತಾರೆ. ನಿಮ್ಮ ಮುಖಪುಟ ಅಲ್ಲಿದೆ. ವಿಲಂಬಿತ, ಅಂದರೆ ನಿಧಾನಗತಿಯ, ಏಕ್‌ತಾಲಿನಲ್ಲಿ ಒಂದು ಸುತ್ತಿಗೆ ನಿಮಿಷದ ಹತ್ತಿರ ಹಿಡಿಯಬಹುದು. ಫೋಕಸ್ ಸರಿಮಾಡಿ, ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆ ನೋಡಿ, ಉಸಿರು ಬಿಗಿಹಿಡಿದು ಕಾಯಲು ಬೇಕಾದಷ್ಟು ಹೊತ್ತು. ಆದರೆ ಮಾತ್ರೆ ಎಣಿಸಲು ಬರಬೇಕು. ಬರದಿದ್ದರೆ ತಾಳ ಹಾಕಲು ಬರುವ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಸಮ್ ಹತ್ತಿರ ಬಂದಾಗ ಅವನು ನಿಮ್ಮ ಬೆನ್ನಿಗೆ ಬೆರಳು ತಾಗಿಸಲಿ. ನಾನು ಹೀಗೆ ಮಾಡಿಸಿದ್ದೇನೆ. ತಮಾಷೆಯಾಗಿ ಕಾಣುತ್ತದೆ, ಕೆಲಸ ಮಾಡುತ್ತದೆ.

ಒಬ್ಬ ತಬಲಾ ಹುಡುಗ ಇದ್ದ. "ಸ್ವಲ್ಪ ನಗಪಾ, ಇತ್ತ ನೋಡು" ಅಂದ ಕೂಡಲೇ ಪಾಸ್‌ಪೋರ್ಟ್ ಫೋಟೋದವನಾಗಿಬಿಡುತ್ತಿದ್ದ. ಒಂದು ತಾಸು ಹೀಗೇ ಹೋಯಿತು. ಕ್ಯಾಮೆರಾದವರು ಬೇಸತ್ತು ಚಹಾಕ್ಕೆ ಎದ್ದರು. ಅವನು ತನ್ನ ಪಾಡಿಗೆ ತಾನು ತಬಲಾ ಶ್ರುತಿ ಮಾಡತೊಡಗಿದ, ಸಣ್ಣ ಸುತ್ತಿಗೆಯಿಂದ ಅಂಚಿನ ಹೆಣಿಗೆಯನ್ನು ತಟ್ಟುತ್ತ, ಕಿವಿ ಚರ್ಮಕ್ಕೆ ತಾಗುವಷ್ಟು ಬಗ್ಗಿ, ಕಣ್ಣು ಎತ್ತಲೋ ನೆಟ್ಟು. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಹುಡುಗಿ ಕಪ್ ಕೆಳಗಿಟ್ಟು ಮೊಬೈಲಿನಲ್ಲಿ ತೆಗೆದ ಒಂದೇ ಚಿತ್ರ ಮುಖಪುಟವಾಯಿತು. ಅಂದಿನಿಂದ ನನ್ನ ಕಾಲ್‌ಶೀಟಿನಲ್ಲಿ "ಶ್ರುತಿಗೆ ಅರ್ಧ ಗಂಟೆ" ಅಂತ ಬರೆಯುತ್ತೇನೆ, ಆ ಅರ್ಧ ಗಂಟೆಯಲ್ಲಿ ಕ್ಯಾಮೆರಾ ಆನ್ ಇರುತ್ತದೆ.

ಕಾಲ್‌ಶೀಟ್ ಅಂದೆ. ಸಿನಿಮಾದವರ ಶಬ್ದ, ಹೆದರಬೇಡಿ. ಒಂದೇ ಪುಟ: ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಏನು ತರಬೇಕು, ಯಾವ ಬಣ್ಣದ ಬಟ್ಟೆ, ಮಳೆ ಬಂದರೆ ಏನು. ತಿಂಡಿ ಯಾರದು ಅಂತಲೂ ಬರೆಯಿರಿ. ಗಿರಮಿಟ್ಟು, ಮಿರ್ಚಿ ಎಲ್ಲ ಶೂಟ್ ಮುಗಿದ ಮೇಲೆ. ಬಿಳಿ ಜುಬ್ಬಾದ ಮೇಲೆ ಎಣ್ಣೆಯ ಕಲೆ ತೆಗೆಯಲು ಕಂಪ್ಯೂಟರಿನ ಮುಂದೆ ಎರಡು ತಾಸು ಕೂತವನ ಮಾತು ಇದು.

ವಾದ್ಯಗಳ ವಿಷಯದಲ್ಲಿ ಎರಡು ಎಚ್ಚರ. ವಾದ್ಯವನ್ನು ದಾಟಬೇಡಿ, ಚಪ್ಪಲಿ ಕಾಲಲ್ಲಿ ಹತ್ತಿರ ಹೋಗಬೇಡಿ, ಕೇಳದೆ ಮುಟ್ಟಬೇಡಿ. ನಿಮಗೆ ಅದು ಚಿತ್ರಕ್ಕೆ ಬೇಕಾದ ಒಂದು ಸಾಮಾನು, ಅವರಿಗೆ ದಿನಾ ನಮಸ್ಕಾರ ಮಾಡುವ ವಸ್ತು. ಅಲ್ಲಿ ಮುನಿಸಿಕೊಂಡ ಕಲಾವಿದ ಮತ್ತೆ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಎರಡನೆಯದು, ಪುಟಕ್ಕೆ ಹೊಂದಲಿ ಅಂತ ಚಿತ್ರವನ್ನು ಕನ್ನಡಿಯಂತೆ ಎಡಬಲ ತಿರುಗಿಸುವ ದುರಭ್ಯಾಸ. ತಿರುಗಿಸಿದ ಕೂಡಲೇ ಬಲಗೈ ತಬಲಾ ಎಡಕ್ಕೆ ಬರುತ್ತದೆ, ಎಡಗೈಯ ಡಗ್ಗಾ ಬಲಕ್ಕೆ; ಸೀರೆಯ ಸೆರಗು ಎಡಹೆಗಲಿನಿಂದ ಬಲಕ್ಕೆ ಜಿಗಿಯುತ್ತದೆ. ನಿಮಗೆ ಕಾಣದಿರಬಹುದು. ಸಂಗೀತ ಪತ್ರಿಕೆ ಕೊಳ್ಳುವವನಿಗೆ ಮೊದಲು ಕಾಣುವುದೇ ಅದು.

ಬೆಳಕಿನ ಬಗ್ಗೆ ಒಂದು ಇಡೀ ದಿನ ಮಾತಾಡಬಹುದು, ಮಾತಾಡುವುದಿಲ್ಲ. ಸ್ಟುಡಿಯೋ ಬಾಡಿಗೆಗೆ ದುಡ್ಡಿಲ್ಲ ಅಂತ ಅಳಬೇಡಿ. ಧಾರವಾಡದ ಜಿಟಿಜಿಟಿ ಮಳೆಯ ಮೋಡವೇ ಬೆಳಕನ್ನು ಮೆದುವಾಗಿ ಹರಡುವ ದೊಡ್ಡ ಸಾಫ್ಟ್‌ಬಾಕ್ಸ್. ಹಳೆಯ ಹೆಂಚಿನ ಮನೆಯ ದೊಡ್ಡ ಕಿಟಕಿ, ಎದುರು ಬದಿಗೆ ಒಂದು ಬಿಳಿ ಥರ್ಮಾಕೋಲ್ ಹಾಳೆ, ಸಾಕು. ಮೊಬೈಲಿನ ಮುಖ್ಯ ಲೆನ್ಸ್ ವೈಡ್ ಆಗಿರುವುದರಿಂದ ಹತ್ತಿರ ಹೋದಷ್ಟೂ ಎದುರಿಗಿದ್ದದ್ದು ಉಬ್ಬುತ್ತದೆ. ಮೂಗು ದೊಡ್ಡದಾಗುತ್ತದೆ, ತಂಬೂರಿಯ ಬುರುಡೆ ಗಾಯಕಿಯನ್ನೇ ನುಂಗುತ್ತದೆ. ಹಿಂದೆ ಸರಿದು 2ಎಕ್ಸ್ ಜೂಮ್ ಹಾಕಿ. ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಚಿತ್ರದಲ್ಲಿ ಕಪ್ಪು ಪಟ್ಟೆ ಬಂದರೆ ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ ನೂರು ಸಲ ಮಿಣುಕುತ್ತಿರುತ್ತದೆ. ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ. ಮೆರುಗೆಣ್ಣೆ ಬಳಿದ ಮರದ ಹೊಳಪನ್ನು ಪೋಲರೈಸರ್ ಫಿಲ್ಟರ್ ತಗ್ಗಿಸುತ್ತದೆ, ಲೋಹದ ಹೊಳಪನ್ನಲ್ಲ. ಡಗ್ಗಾದ ಹೊಟ್ಟೆಯಲ್ಲಿ ನಿಮ್ಮದೇ ಮುಖ ಕಂಡರೆ ನಿಂತ ಜಾಗ ಬದಲಿಸಿ, ಇಲ್ಲವೇ ನಿಮ್ಮ ಮುಂದೆ ಕಪ್ಪು ಬಟ್ಟೆ ಹಿಡಿಸಿ.

ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ಗೆಳೆಯನೇ ಆದರೂ. 18 ತುಂಬದವರಾದರೆ ತಂದೆ ತಾಯಿಯ ಸಹಿ. ಒಂದು ಸಾಲು ಸಾಕು: ಈ ಚಿತ್ರವನ್ನು ಈ ಪತ್ರಿಕೆಯ ಮುಖಪುಟಕ್ಕೆ ಬಳಸಲು ಒಪ್ಪಿಗೆ ಇದೆ ಅಂತ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವರು. ಆದ್ದರಿಂದ ಚಹಾ ಕಪ್ ಕೆಳಗಿಟ್ಟು ಮೊಬೈಲಿನಲ್ಲಿ ತೆಗೆದ ಆ ಹುಡುಗಿಯ ಹೆಸರೇ ಒಳಪುಟದಲ್ಲಿ ಬರಬೇಕಿತ್ತು. ಮೊದಲ ಪ್ರೂಫಿನಲ್ಲಿ ಕ್ಯಾಮೆರಾ ತಂದ ಹುಡುಗನ ಹೆಸರಿತ್ತು. ತಿದ್ದಿಸಿದೆ. ಅವನು ಒಂದು ವಾರ ನನ್ನ ಜೊತೆ ಮಾತು ಬಿಟ್ಟ.

ಇಷ್ಟು ಹೇಳಿ ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಮುಂದಿನ ಸಾಲಿನ ಹುಡುಗನೊಬ್ಬ, "ಸರ, ಇಷ್ಟೆಲ್ಲಾ ಯಾಕ್ರೀ, ಈಗ ಎಐನಿಂದ ಫೋಟೋ ಮಾಡಿದ್ರ ಆತಲ್ರೀ?" ಎಂದ. ನಾನು, ಮಾಡು ತಮ್ಮಾ, ಆದರೆ ಅದನ್ನು ನಿನ್ನ ಮೇಷ್ಟ್ರಿಗೆ ತೋರಿಸುವ ಮೊದಲು ಸಂಗೀತ ವಿಭಾಗದವರಿಗೆ ತೋರಿಸು, ತಂಬೂರಿಗೆ ಎಷ್ಟು ತಂತಿ ಬಂದಿವೆ ಅಂತ ಅವರು ಎಣಿಸಲಿ ಎಂದೆ.

ಇನ್ನೊಬ್ಬಳು ಕೇಳಿದ್ದು, ಬಣ್ಣವೋ ಕಪ್ಪುಬಿಳುಪೋ? ಹೆಸರಿನ ಬಣ್ಣ ಮೊದಲು ಆರಿಸಿ, ಆಮೇಲೆ ಬಟ್ಟೆಯ ಬಣ್ಣ ಅಂದೆ. ಕೆಂಪು ಸೀರೆಯ ಮೇಲೆ ಕೆಂಪು ಶೀರ್ಷಿಕೆ ಬರೆದು ಆಮೇಲೆ ಕಪ್ಪುಬಿಳುಪಿಗೆ ಓಡುವವರೇ ಹೆಚ್ಚು.

ಕೊನೆಗೆ ಹಿಂದಿನ ಬೆಂಚಿನಿಂದ, ಗೊರಕೆಗೆ ಅಪ್ಪಣೆ ಪಡೆದಿದ್ದ ಸಾಲಿನಿಂದಲೇ, ಒಬ್ಬಳು ಎದ್ದು ನಿಂತಳು. "ಸರ, ಆ 'ಸರ' ಅಂತ ಪ್ರಿಂಟ್ ಆಗಿದ್ದು ಏನಾತ್ರೀ?"

ನನ್ನ ಮನೆಯ ಗೋಡೆಯ ಮೇಲಿದೆ. ಬೀಳ್ಕೊಡುಗೆಯ ದಿನ ಆ ತಂಡದವರು ಕಟ್ಟು ಹಾಕಿಸಿ ತಂದುಕೊಟ್ಟರು. ತಂಬೂರಿಯ ಬಿರಡೆಗಳ ಮೇಲೆ ಯಾರೋ ಬಿಳಿ ಪೆನ್ನಿನಲ್ಲಿ ಒಂದು ಸಣ್ಣ ವ ಒತ್ತು ಬರೆದಿದ್ದಾರೆ, ಸ್ವಲ್ಪ ಸೊಟ್ಟಗೆ.